ಹೊಂಡದ ದಡದ ಗೆಳೆಯರು

ಬೆಟ್ಟದ ಬುಡದ ಒಂದು ಕಾಡಿನಲ್ಲಿ ಜವರನೆಂಬ ಗಂಡು ಕಡವೆ ಒಬ್ಬನೇ ಇದ್ದ. ಕೊಂಬು ದೊಡ್ಡದು, ಗತ್ತು ಇನ್ನೂ ದೊಡ್ಡದು. ಆದರೆ ಮಾದಣ್ಣನೆಂಬ ಮುದಿ ಕಾಡುಕೋಣನನ್ನು ಕಂಡರೆ ಅವನ ಹೊಟ್ಟೆ ಉರಿಯುತ್ತಿತ್ತು. ಅಷ್ಟು ವಯಸ್ಸಾದರೂ ಮಾದಣ್ಣನ ಮೈ ಮಿರಮಿರ ಮಿಂಚುತ್ತಿತ್ತು. ಜವರನ ಮೈಯೋ, ಉಣ್ಣೆಹುಳ ಕಚ್ಚಿ ಕಚ್ಚಿ ಅಲ್ಲಲ್ಲಿ ಬೋಳಾಗಿತ್ತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. “ಮಾದಣ್ಣ, ನೀನು ತಿನ್ನೋ ಸೊಪ್ಪು ಯಾವುದು?”

“ನೀನು ತಿನ್ನೋದೇ ಕಣಪ್ಪ. ಮಧ್ಯಾಹ್ನ ಕೆಸರುಹೊಂಡದ ಹತ್ತಿರ ಹಂದಿಯ ಜೊತೆ ಹರಟುತ್ತೀನಿ. ಗೊರವಂಕ ಹಕ್ಕಿಗಳು ಮೈಮೇಲಿನ ಉಣ್ಣೆ ಹೆಕ್ಕುತ್ತವೆ. ಎಲ್ಲಾದರೂ ನೋವಿದ್ದರೆ ಹೇಳಿಕೊಳ್ಳುತ್ತೀನಿ. ನೀನೂ ಬಾ.”

‘ಮುದುಕ ಗುಟ್ಟು ಬಿಡುತ್ತಿಲ್ಲ’ ಅಂದುಕೊಂಡ ಜವರ. ನೋವನ್ನು ಹೇಳಿಕೊಳ್ಳುವುದು ಗಂಡಸಿಗೆ ಅವಮಾನವೆಂದು ಅವನು ನಂಬಿದ್ದ.

ಮರುದಿನ ಗೊರವಂಕಗಳ ಕಿವಿ ಊದಿದ. “ನಿಮ್ಮನ್ನು ರಕ್ತ ಹೀರೋ ಪಿಶಾಚಿಗಳು ಅಂತಾನೆ ಮಾದಣ್ಣ.” ಹಂದಿಗೆ, “ನಿನ್ನ ಮೈ ನಾರುತ್ತಂತೆ” ಎಂದ. ಹಕ್ಕಿಗಳು ಬೇರೆ ಕಡೆ ಹಾರಿದವು. ಹಂದಿ ಮುನಿಸಿಕೊಂಡು ದೂರ ಉಳಿಯಿತು. ಯಾಕೆಂದು ತಿಳಿಯದೆ ಮಾದಣ್ಣ ಮೇವು ಬಿಟ್ಟು ಸೊರಗಿದ. ಪೊದೆಯ ಮರೆಯಿಂದ ಅದನ್ನು ನೋಡಿ ಜವರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಅವನ ಒಂದು ಕಿವಿಯೊಳಗೆ ಉಣ್ಣೆ ಕಚ್ಚಿದ ಗಾಯ ಕೀವುಗಟ್ಟಿ ಹುಳ ಬಿತ್ತು. ಹೆಕ್ಕಲು ಗೊರವಂಕಗಳಿಲ್ಲ, ಅವನೇ ಓಡಿಸಿದ್ದ. ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡು ಏಳು ದಿನ ತಡೆದ. ಎಂಟನೇ ದಿನ ನೀರು ಕುಡಿಯಲು ಬಂದವನು ಹೊಂಡದ ದಡದಲ್ಲೇ ಕುಸಿದುಬಿದ್ದ.

“ಏನಾಯ್ತಪ್ಪ?” ಮಾದಣ್ಣ ಹತ್ತಿರ ಬಂದು ಕೇಳಿದ.

“ಏನಿಲ್ಲ” ಎಂದ ಜವರ. ಏಳಲು ಹೋಗಿ ಮತ್ತೆ ಕುಸಿದ. “ಕಿವಿ ನೋಯ್ತಿದೆ ಅಣ್ಣ, ತಡೆಯೋಕೆ ಆಗ್ತಿಲ್ಲ. ಹಂದಿಗೂ ಹಕ್ಕಿಗಳಿಗೂ ನಿನ್ನ ಮೇಲೆ ಚಾಡಿ ಹೇಳಿದವನು ನಾನೇ.”

ಮಾದಣ್ಣ ಅಲ್ಲಿಂದ ಹೋಗಿ, ನಡೆದದ್ದನ್ನು ತಿಳಿಸಿ ಎಲ್ಲರನ್ನೂ ಕರೆತಂದ. ಗೊರವಂಕಗಳು ಸಿಟ್ಟಿನಲ್ಲೇ ಹುಳ ಹೆಕ್ಕಿದವು. ಹಂದಿ ಗೊಣಗುತ್ತಲೇ ಪಕ್ಕದಲ್ಲಿ ಕೂತಿತು. ಜವರನ ಜೀವ ಉಳಿಯಿತು. ಆ ಕಿವಿ ಮಾತ್ರ ಮತ್ತೆ ಕೇಳಿಸಲಿಲ್ಲ.

ಹುಷಾರಾದ ಮೇಲೆ ಅವನೂ ಮಧ್ಯಾಹ್ನದ ಹರಟೆಗೆ ಬರತೊಡಗಿದ. ಚೆನ್ನಾಗಿದ್ದ ಕಿವಿಯನ್ನು ಗೆಳೆಯರ ಕಡೆಗೆ ತಿರುಗಿಸಿ, ಎಲ್ಲರಿಗಿಂತ ಹತ್ತಿರ ಸರಿದು ಕೂರುತ್ತಿದ್ದ.

ನೀತಿ: ಇನ್ನೊಬ್ಬರ ಸ್ನೇಹ ಕಂಡು ಕರುಬಿ ಅದನ್ನು ಕೆಡಿಸಿದರೆ, ನಮ್ಮ ಕಷ್ಟಕ್ಕೂ ಯಾರೂ ಉಳಿಯುವುದಿಲ್ಲ. ಗಂಡಸಾದರೂ ನೋವನ್ನು ನಾಲ್ವರ ಹತ್ತಿರ ಹೇಳಿಕೊಂಡರೆ ಮೈಯೂ ಮನಸ್ಸೂ ಗಟ್ಟಿಯಾಗಿರುತ್ತವೆ.