ಪ್ರವಾಹದ ಪಾಠ

"ಗುರುಗಳೇ, ಮಕ್ಕಳಲ್ಲಿ ಭಯ ಹುಟ್ಟಿಸುವುದು ಸರಿಯೇ?" ಎಂದು ಚನ್ನವೀರ ಕೇಳಿದ. ಅವನು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಪ್ರವಾಹ, ಭೂಕಂಪಗಳ ಪಾಠ ಕೇಳಿದಂದಿನಿಂದ ಮಕ್ಕಳು ನಿದ್ದೆಗೆಟ್ಟಿದ್ದಾರೆಂದು ತಾಯಂದಿರು ದೂರುತ್ತಿದ್ದರು.

ಗುರುಗಳು ಕುಳಿತುಕೊ ಎಂದರು. ಅವನಿಗೆ ಕೂರಲಾಗಲಿಲ್ಲ. ಅವರು ಹೇಳತೊಡಗಿದರು.

ಹೊಳೆದಂಡೆಯ ಊರೊಂದರಲ್ಲಿ ಒಬ್ಬ ಮೇಷ್ಟ್ರಿದ್ದರು. ನೀರು ಏರುವ ಲಕ್ಷಣ ಕಂಡರೆ ಕಾಯಬೇಡಿ, ದಿಬ್ಬಕ್ಕೆ ಓಡಿ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಆ ಪಾಠ ಕೇಳಿದ ಮೇಲೆ ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಅನ್ನ ಸೇರದಾಯಿತು. ಆಗಾಗ ಹೊಳೆಗೆ ಹೋಗಿ ನೀರು ನೋಡಿ ಬರುತ್ತಿದ್ದಳು. ಮೇಷ್ಟ್ರಿಗೆ ಕಳವಳವಾಯಿತು. ಕರೆದು ಧೈರ್ಯ ಹೇಳಿದರು.

"ಹೆದರಬೇಡಮ್ಮ, ಓಡಿದರೆ ಉಳಿಯುತ್ತೀಯ."

"ನಾನು ಓಡ್ತೀನಿ ಸಾರ್. ನಮ್ಮಜ್ಜಿಗೆ ಎದ್ದು ಕೂರೋಕೂ ಆಗಲ್ಲ. ಅವಳನ್ನ ಯಾರು ಎತ್ಕೊಂಡು ಓಡ್ತಾರೆ?"

ಅಂದು ಮೇಷ್ಟ್ರಿಗೂ ಊಟ ರುಚಿಸಲಿಲ್ಲ.

ಮರುದಿನ ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋದರು. ನಡೆಯಲಾರದವರು, ಕಣ್ಣು ಕಾಣದವರು, ಬಾಣಂತಿಯರು ಎಲ್ಲೆಲ್ಲಿದ್ದಾರೆಂದು ಕೇಳಿ, ಒಬ್ಬೊಬ್ಬರನ್ನೂ ಹೊರಲು ಇಂಥ ಮಕ್ಕಳೆಂದು ಗೊತ್ತುಮಾಡಿದರು. ಎರಡು ಬಿದಿರುಗಳಿಗೆ ಕಂಬಳಿ ಬಿಗಿದು, ಅದರಲ್ಲಿ ಆ ಹುಡುಗಿಯ ಅಜ್ಜಿಯನ್ನು ಮಲಗಿಸಿ, ದಿಬ್ಬದ ಕಡೆಗೆ ಹೊತ್ತು ನೋಡಿದರು. ಮಕ್ಕಳ ಕಾಲು ತೊಡರಿತು. ಅಜ್ಜಿ ಬಿದ್ದಳು.

"ಬದುಕಿರೋರಿಗೇ ಚಟ್ಟ ಕಟ್ತಾರೆ ಈ ಮೇಷ್ಟ್ರು!" ಎಂದು ಊರವರು ಬೈದರು. ಮೇಷ್ಟ್ರು ತಲೆ ತಗ್ಗಿಸಿ ನಿಂತರು. ಅಜ್ಜಿ ಬಿದ್ದಲ್ಲೇ ಸೆರಗಿನ ಮಣ್ಣು ಕೊಡವಿಕೊಂಡು, "ಇನ್ನೊಂದ್ಸಲ ಎತ್ರೋ, ನೆಟ್ಟಗೆ ಹಿಡೀರಿ" ಎಂದಳು.

ಆ ಮಳೆಗಾಲದಲ್ಲೇ ಒಂದು ಮಧ್ಯಾಹ್ನ ಹೊಳೆ ದಂಡೆ ಮೀರಿತು. ದೊಡ್ಡವರು ಕಾಳು, ಪಾತ್ರೆ ಎನ್ನುತ್ತ ಮನೆಯ ಒಳಗೂ ಹೊರಗೂ ಓಡಾಡುತ್ತಿದ್ದರು. ಮಕ್ಕಳು ಯಾರನ್ನೂ ಕೇಳದೆ ತಮಗೆ ಗೊತ್ತುಮಾಡಿದವರ ಮನೆಗೆ ನುಗ್ಗಿ, ಅವರನ್ನು ಹೊತ್ತು ನಡೆದರು. ಅದನ್ನು ಕಂಡು ದೊಡ್ಡವರೂ ಪಾತ್ರೆ ಬಿಸುಟು ಹಿಂದೆ ಹೊರಟರು. ಮನೆಗಳು ಹೋದವು. ಜನ ಉಳಿದರು. ದಿಬ್ಬದ ಮೇಲೆ ಹುಡುಗಿ ಅಜ್ಜಿಯ ಪಕ್ಕದಲ್ಲಿ ಗಡಗಡ ನಡುಗುತ್ತ ಕುಳಿತಿದ್ದಳು.

"ಅವಳ ಭಯ ಹೋಗಲೇ ಇಲ್ಲವೇ?" ಎಂದ ಚನ್ನವೀರ.

"ಇಲ್ಲ. ಹೆದರುತ್ತಲೇ ಹೊತ್ತಳು."

"ಹಾಗಾದರೆ ನಾಳೆಯೇ ನನ್ನ ಮಕ್ಕಳಿಗೂ ಹೊರುವುದನ್ನು ಕಲಿಸುತ್ತೇನೆ" ಎಂದು ಚನ್ನವೀರ ಅವಸರದಿಂದ ಹೊರಟ. ಅವನು ಬಾಗಿಲು ದಾಟುವಾಗ ಗುರುಗಳು ಕೇಳಿದರು:

"ನಿನ್ನೂರಿನಲ್ಲಿ ನಡೆಯಲಾರದವರು ಯಾರ ಯಾರ ಮನೆಯಲ್ಲಿದ್ದಾರೆ?"