ಕೆಂಚವ್ವನ ಕೈಮಾತು

ವರದಾ ನದಿಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿಯ ಗುರುಗಳನ್ನು ಜನ ಅಜ್ಜಾರು ಎನ್ನುತ್ತಿದ್ದರು.

ಶಿಷ್ಯ ಫಕೀರೇಶ ಕಂಪ್ಯೂಟರ್ ಕಲಿತು ಬಂದವನು. ಭಕ್ತರೊಬ್ಬರು ಕೊಟ್ಟುಹೋದ ಹಳೆಯ ಕಂಪ್ಯೂಟರೊಂದು ಅವನ ಸುಪರ್ದಿಯಲ್ಲಿತ್ತು.

ಒಂದು ಮುಂಜಾನೆ ಪಾರವ್ವ ಬಂದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಸಿ.ಡಿ.ಯನ್ನು ಅಜ್ಜಾರ ಮುಂದಿಟ್ಟು, ಕಂಪ್ಯೂಟರಿನ ಕಡೆ ಬೆರಳು ತೋರಿಸಿದಳು.

ಪಾರವ್ವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅವಳ ತಾಯಿ ಕೆಂಚವ್ವ ಆಶ್ರಮದಲ್ಲಿ ರೊಟ್ಟಿ ಬಡಿಯುತ್ತಿದ್ದಾಕೆ. ತಾಯಿ ಮಗಳು ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆ ಕೈಮಾತನ್ನು ಅವರೇ ಕಟ್ಟಿಕೊಂಡದ್ದು. ಮೂರನೆಯವರಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಕೆಂಚವ್ವ ತೀರಿಹೋಗಿದ್ದಳು. ಪಾರವ್ವನ ಜೊತೆ ಮಾತಾಡುವವರು ಲೋಕದಲ್ಲಿ ಇನ್ನು ಯಾರೂ ಇರಲಿಲ್ಲ.

ಹಿಂದೊಮ್ಮೆ ಯಾತ್ರಿಕನೊಬ್ಬ, ತಾಯಿ ಒಲೆಯ ಮುಂದೆ ಕೂತು ಮಗಳೊಡನೆ ಹರಟುವುದನ್ನು ವಿಡಿಯೊ ಮಾಡಿ ಸಿ.ಡಿ. ಕಳಿಸಿದ್ದ. ಊರಿನ ಟಿ.ವಿ.ಗಳಿಗೆ ಜೋಡಿಸಿದ್ದ ಪ್ಲೇಯರುಗಳಲ್ಲಿ ಅದು ಓಡಲಿಲ್ಲ. ಫೋನಿನಲ್ಲಿ ವಿಡಿಯೊ ನೋಡುವ ಕಾಲ ಆಗಿನ್ನೂ ಬಂದಿರಲಿಲ್ಲ.

ಫಕೀರೇಶ ಸಿ.ಡಿ. ಹಾಕಿದ. ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಬಳೆಗಳು ಸದ್ದು ಮಾಡಿದವು. ಯಾರೋ ಕೆಮ್ಮಿದರು.

ಪರದೆಯ ಮೇಲೆ ಮಾತ್ರ ಬರೀ ಹಸಿರು ಚೌಕಗಳು. ಅವುಗಳ ನಡುವೆ ಒಂದು ಸೀರೆಯ ಅಂಚು ಮಿಂಚಿ ಮಾಯವಾಯಿತು.

"ಹಳೇ ಕಂಪ್ಯೂಟರು. ಧ್ವನಿ ಆದ್ರೂ ಬಂತು ಬಿಡ್ರಿ, ಅಜ್ಜಾರ," ಎಂದ ಫಕೀರೇಶ.

"ಯಾರಿಗೆ ಬಂತೋ?" ಎಂದರು ಅಜ್ಜಾರು.

ಫಕೀರೇಶ ತಿರುಗಿ ನೋಡಿದ. ಪಾರವ್ವ ಕಣ್ಣು ಮಿಟುಕಿಸದೆ ಹಸಿರು ಚೌಕಗಳನ್ನೇ ನೋಡುತ್ತಿದ್ದಳು. ಅವನು ನಾಲಿಗೆ ಕಚ್ಚಿಕೊಂಡ.

ಅಂದಿನಿಂದ ಅವನಿಗೆ ಹಠ ಹಿಡಿಯಿತು. ಪೇಟೆಗೆ ಹೋಗಿ ವಿಡಿಯೊ ಓಡಿಸುವ ಹೊಸ ಪ್ಲೇಯರ್ ಸಾಫ್ಟ್‌ವೇರ್ ತಂದು ಹಾಕಿದ. ಎಲ್ಲ ಸೆಟ್ಟಿಂಗನ್ನೂ ಮೇಲಕ್ಕೇರಿಸಿದ. ಚಿತ್ರ ಪರದೆ ತುಂಬ ಬರಲಿ, ಕನ್ನಡಿಯಂತೆ ಬರಲಿ ಎಂದು ಅವನ ಆಸೆ.

ಹಸಿರು ಚೌಕಗಳೂ ಹೋದವು. ಪರದೆ ಕಪ್ಪಾಯಿತು.

ಪಾರವ್ವ ದಿನಾ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು. ಅವಳು ನೋಡಿದಷ್ಟೂ ಫಕೀರೇಶ ಒಂದು ಒತ್ತಲು ಹೋಗಿ ಇನ್ನೊಂದು ಒತ್ತುತ್ತಿದ್ದ. ಕಡೆಗೊಂದು ದಿನ ಅವನು ಕಂಪ್ಯೂಟರ್ ಡಬ್ಬಿಯ ತಲೆಗೆ ಪಟೀರನೆ ಹೊಡೆದ.

"ಈ ಮುದಿ ಡಬ್ಬಿ ಕೈಲೆ ಆಗೂದಿಲ್ರಿ, ಅಜ್ಜಾರ. ಆಕೀನ್ನ ಮನಿಗೆ ಕಳಸ್ರಿ."

"ನೀನ ಹೇಳು ಆಕಿಗೆ."

"ನನಗ ಆಕೀ ಕೈಮಾತು ಬರೂದಿಲ್ಲಲ್ರಿ."

"ನನಗೂ ಬರೂದಿಲ್ಲ," ಎನ್ನುತ್ತ ಅಜ್ಜಾರು ಕೋಲೂರಿ ಎದ್ದರು. ಹೋಗಿ ಪಾರವ್ವನ ಎದುರು ಕೂತರು.

ಬೆರಳುಗಳನ್ನು ಬಾಯಿಯ ಬಳಿ ತಂದು, ಉಂಡೆಯಾ ಎಂದು ಕೇಳಿದರು.

ಪಾರವ್ವನ ಕೈಗಳು ಗಾಳಿಯಲ್ಲಿ ಹಾರಾಡಿದವು. ಅಜ್ಜಾರು ತಿಳಿಯಲಿಲ್ಲವೆಂದು ತಲೆಯಾಡಿಸಿದರು.

ಅವಳು ಇನ್ನೊಮ್ಮೆ ಹೇಳಿದಳು, ನಿಧಾನಕ್ಕೆ. ಅದೂ ತಿಳಿಯಲಿಲ್ಲ.

ಪಾರವ್ವ ಅವರ ಮುಖವನ್ನೇ ನೋಡಿದಳು. ಬೇರೆಲ್ಲ ಬಿಟ್ಟು, ಕಪ್ಪು ಪರದೆಯನ್ನು ತೋರಿಸಿದಳು. ತನ್ನ ಬಾಯಿ ಮುಚ್ಚಿಕೊಂಡಳು. ಅಷ್ಟೆ.

"ಅವ್ವನ್ನ ನೋಡೂ ತನಕ ತುತ್ತು ಇಳಿಯೂದಿಲ್ಲ ಅಂತಾಳ," ಎಂದರು ಅಜ್ಜಾರು. ಆಮೇಲೆ ಶಿಷ್ಯನ ಕಡೆ ಹೊರಳಿದರು.

"ಈ ಮುದುಕನಿಗೆ ತಿಳೀಲಿಲ್ಲ ಅಂತ ಆಕಿ ನನ್ನ ತಲಿಗೆ ಹೊಡೀಲಿಲ್ಲ ನೋಡು."

ಫಕೀರೇಶನಿಗೆ ಮುಖವೆತ್ತಲಾಗಲಿಲ್ಲ. ಹೋಗಿ ಕಂಪ್ಯೂಟರಿನ ಮುಂದೆ ಕೂತ.

ಹೊಸ ಪ್ಲೇಯರನ್ನು ತೆಗೆದು ಹಳೆಯದನ್ನೇ ಹಾಕಿದ. ಚಿತ್ರದ ಭಾರವನ್ನೆಲ್ಲ ಹಳೆಯ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರಿಸುವ ಆಯ್ಕೆಯೊಂದಿತ್ತು. ಅದನ್ನು ಬಂದ್ ಮಾಡಿದ. ಬಣ್ಣ, ಮೆರುಗು ಎಲ್ಲ ಇಳಿಸಿದ. ಚಿತ್ರದ ಚೌಕಟ್ಟನ್ನು ಅಂಗೈಯಷ್ಟಕ್ಕೆ ಕುಗ್ಗಿಸಿದ. ಅವಸರ ಮಾಡದೆ ಕಾದ.

ಕಪ್ಪು ಪರದೆಯ ಒಂದು ಮೂಲೆಯಲ್ಲಿ ಒಲೆ ಕಂಡಿತು. ಒಲೆಯ ಮುಂದೆ ಕೆಂಚವ್ವ ಕೂತಿದ್ದಳು. ಕೈಗೆಲ್ಲ ಹಿಟ್ಟು.

ಅವಳು ಕ್ಯಾಮೆರಾದ ಪಕ್ಕದಲ್ಲಿದ್ದ ಮಗಳಿಗೆ ಏನೋ ಹೇಳುತ್ತಿದ್ದಳು. ಹಿಟ್ಟಿನ ಬೆರಳುಗಳು ಮಡಚಿಕೊಂಡವು, ಬಿಚ್ಚಿಕೊಂಡವು, ಗಲ್ಲ ಮುಟ್ಟಿದವು.

ಪಾರವ್ವ ಪರದೆಯ ಹತ್ತಿರಕ್ಕೆ ಸರಿದಳು. ಮೊದಲು ಅವಳ ತುಟಿ ನಡುಗಿತು. ಆಮೇಲೆ ನಕ್ಕಳು. ಆಮೇಲೆ ಅವಳ ಕೈಗಳು ಎದ್ದವು.

ಕೆಂಚವ್ವ ಒಂದು ಹೇಳುವಳು, ಪಾರವ್ವ ಒಂದು ಹೇಳುವಳು. ಒಮ್ಮೆ ಪಾರವ್ವ ಹುಸಿಮುನಿಸಿನಿಂದ ತಲೆ ಕೊಡವಿದಳು. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಬೇಗ ಬೇಗ ಏನೋ ಹೇಳಿದಳು.

ಚಿತ್ರ ಅಲ್ಲಲ್ಲಿ ತಡೆದು ತಡೆದು ಓಡುತ್ತಿತ್ತು. ಫಕೀರೇಶನ ಕೈ ಮೌಸಿನ ಕಡೆ ಹೋಯಿತು.

"ಅಜ್ಜಾರ, ಚಿತ್ರ ಸ್ವಲ್ಪ ತಡೀತೈತಿ. ಇನ್ನೊಂಚೂರು ಸರಿ ಮಾಡ್ಲೇನ್ರಿ?"

ಅಜ್ಜಾರು ಅವನ ಕೈ ಹಿಡಿದುಕೊಂಡರು.

"ಸುಮ್ನಿರೋ ತಮ್ಮಾ. ಅವ್ವ ಮಗಳು ಮಾತಾಡೂವಾಗ ನಡುವ ಬಾಯಿ ಹಾಕಬಾರದು."