ಗುಲಾಬಕ್ಕನ ಮೋಟಾರಿನ ಸುರ್ರ್

ಬನ್ನಿ ಮಕ್ಕಳೇ, ಒತ್ತಿ ಕೂತ್ಕೊಳ್ಳಿ. ಗುಲಾಬಕ್ಕನ ದೋಣಿಗೆ ಏನಾಯ್ತು ಅಂತ ಹೇಳ್ತೀನಿ.

ಸಮುದ್ರದ ಹತ್ತಿರ ಒಂದು ಹೊಳೆ. ಹೊಳೆಯಲ್ಲಿ ಗುಲಾಬಕ್ಕನ ದೋಣಿ. ದೋಣಿಯ ಹಿಂದೆ ಒಂದು ಮೋಟಾರು. ಮೋಟಾರು ಹೊಳೆಯ ನೀರು ಕುಡಿಯುತ್ತೆ. ಹೊಟ್ಟೆ ತಂಪು ಮಾಡ್ಕೊಳ್ಳುತ್ತೆ. ಆಮೇಲೆ ಒಂದು ಸಣ್ಣ ತೂತಿನಿಂದ ಸುರ್ರ್ ಅಂತ ನೀರು ಬಿಡುತ್ತೆ. ಥೇಟ್ ಪಾಪು ಉಚ್ಚೆ ಹೊಯ್ದ ಹಾಗೆ.

ಒಂದು ಮಧ್ಯಾಹ್ನ ಆ ಸುರ್ರ್ ನಿಂತುಹೋಯ್ತು.

ಮೋಟಾರು ಬಿಸಿಯಾಯ್ತು. ದೋಸೆಕಲ್ಲಿನಷ್ಟು ಬಿಸಿಯಾಯ್ತು. ಕೀಂ ಅಂತ ಕೂಗಿತು. ಗುಲಾಬಕ್ಕ ಮೋಟಾರು ನಿಲ್ಲಿಸಿದಳು. ಹುಟ್ಟು ಹಾಕಿ ದೋಣಿಯನ್ನು ದಡಕ್ಕೆ ತಂದಳು.

ದೋಣಿಯಲ್ಲಿ ಪುಂಡಲೀಕ ಮಾವ ಕೂತಿದ್ದರು. ಆಚೆ ದಡದ ಶಾಲೆಯಿಂದ ಮಕ್ಕಳನ್ನು ಕರ್ಕೊಂಡು ಬರೋಕೆ ಹೊರಟವರು.

"ಬೇಗ ಗುಲಾಬಿ, ಮಕ್ಕಳು ಹಸಿದಿದಾವೆ. ಹುಟ್ಟು ಹಾಕಿಯೇ ಹೋಗೋಣ" ಅಂದರು ಮಾವ.

"ಸೆಳೆತ ಜೋರಿದೆ ಮಾವ. ಹುಟ್ಟು ಹಾಕಿದ್ರೆ ಶಾಲೆಗೆ ಹೋಗಲ್ಲ, ಸಮುದ್ರಕ್ಕೆ ಹೋಗ್ತೀವಿ."

ಗುಲಾಬಕ್ಕ ಮೋಟಾರಿನ ಕೆಳಗೆ ನೋಡಿದಳು. ನೀರು ಕುಡಿಯೋ ಬಾಯಲ್ಲಿ ಕಸ ಇಲ್ಲ. ಮೇಲೆ ನೋಡಿದಳು. ನೀರು ಬಿಡೋ ತೂತಿನಲ್ಲಿ ಮರಳು ಕೂತಿದೆ. ತೆಂಗಿನ ಕಡ್ಡಿ ಹಾಕಿ ಚುಚ್ಚಿದಳು. ಕಡ್ಡಿ ಲಟಕ್ ಅಂತ ಮುರೀತು.

"ಇದಕ್ಕೆ ತಂತಿಯೇ ಬೇಕು" ಅಂದಳು.

ಹೋದಳು, ಹೋದಳು, ಬಸ್ತ್ಯಾಂವಣ್ಣನ ಮನೆಗೆ ಹೋದಳು. ಹಿಂದೆಯೇ ಪುಂಡಲೀಕ ಮಾವ.

"ಬಸ್ತ್ಯಾಂವಣ್ಣ, ಒಂದು ತಂತಿ ಕೊಡು. ತೂತಿಗೆ ತಂತಿ ಬೇಕು. ಮೋಟಾರಿಗೆ ನೀರು ಬೇಕು. ಆಚೆ ದಡದ ಮಕ್ಕಳಿಗೆ ಊಟ ಬೇಕು."

"ತಂತಿ ಇದೆ" ಅಂದ ಬಸ್ತ್ಯಾಂವಣ್ಣ. "ಅದರಲ್ಲಿ ಕೋಳಿಗೂಡಿನ ಬಾಗಿಲು ಕಟ್ಟಿದೀನಿ. ಬಿಚ್ಚಿದ್ರೆ ಕೋಳಿ ಓಡ್ತಾವೆ. ಹಗ್ಗ ತಾ, ತಂತಿ ತಗೋ."

"ಬೇಗ ಗುಲಾಬಿ, ಮಕ್ಕಳು ಹಸಿದಿದಾವೆ" ಅಂದರು ಮಾವ.

ಹೋದಳು, ಹೋದಳು, ಮೈಮುನಕ್ಕನ ಮನೆಗೆ ಹೋದಳು.

"ಮೈಮುನಕ್ಕ, ಒಂದು ಹಗ್ಗ ಕೊಡು. ಗೂಡಿಗೆ ಹಗ್ಗ ಬೇಕು. ತೂತಿಗೆ ತಂತಿ ಬೇಕು. ಮೋಟಾರಿಗೆ ನೀರು ಬೇಕು. ಆಚೆ ದಡದ ಮಕ್ಕಳಿಗೆ ಊಟ ಬೇಕು."

"ಹಗ್ಗ ಇದೆ" ಅಂದಳು ಮೈಮುನಕ್ಕ. "ಅದರಲ್ಲಿ ಆಡು ಕಟ್ಟಿದೀನಿ. ಬಿಚ್ಚಿದ್ರೆ ಮೀನು ಒಣಗಿಸಿರೋ ಚಾಪೆ ಮೇಲೇ ಕುಣಿಯುತ್ತೆ. ಹಲಸಿನ ಎಲೆ ತಾ. ಎಲೆ ತಿನ್ನುವಾಗ ಅದು ಅಲ್ಲಾಡಲ್ಲ."

"ಬೇಗ ಗುಲಾಬಿ, ಮಕ್ಕಳು ಹಸಿದಿದಾವೆ" ಅಂದರು ಮಾವ.

ಹೋದಳು, ಹೋದಳು, ಈರಯ್ಯಜ್ಜನ ಹಲಸಿನ ಮರಕ್ಕೆ ಹೋದಳು. ಈರಯ್ಯಜ್ಜನಿಗೆ ಕಿವಿ ಮಂದ. ಗುಲಾಬಕ್ಕ ಗಟ್ಟಿಯಾಗಿ ಹೇಳಿದಳು.

"ಈರಯ್ಯಜ್ಜ, ಎಲೆ ಕೊಡು. ಆಡಿಗೆ ಎಲೆ ಬೇಕು. ಗೂಡಿಗೆ ಹಗ್ಗ ಬೇಕು. ತೂತಿಗೆ ತಂತಿ ಬೇಕು. ಮೋಟಾರಿಗೆ ನೀರು ಬೇಕು. ಆಚೆ ದಡದ ಮಕ್ಕಳಿಗೆ ಊಟ ಬೇಕು."

"ಊಟನಾ? ಈಗಷ್ಟೇ ಆಯ್ತು" ಅಂದ ಅಜ್ಜ.

"ಎಲೆ ಅಜ್ಜ, ಎಲೆ."

"ಎಲೆನಾ? ತಗೋ. ಆದ್ರೆ ಕೈಗೆ ಎಟುಕಲ್ಲ. ಕೊಂಬೆ ಎಳೆಯೋಕೆ ಕೊಕ್ಕೆ ಕೋಲು ಬೇಕು. ನನ್ನ ಕೋಲು ಗಿರಿಜಮ್ಮ ಒಯ್ದಿದಾಳೆ."

"ಬೇಗ ಗುಲಾಬಿ, ಮಕ್ಕಳು ಹಸಿದಿದಾವೆ" ಅಂದರು ಮಾವ.

ಹೋದಳು, ಹೋದಳು, ಹೊಳೆ ದಡದ ಗಿರಿಜಮ್ಮನ ಮನೆಗೆ ಹೋದಳು.

"ಗಿರಿಜಮ್ಮ, ಕೋಲು ಕೊಡು. ಮರಕ್ಕೆ ಕೋಲು ಬೇಕು. ಆಡಿಗೆ ಎಲೆ ಬೇಕು. ಗೂಡಿಗೆ ಹಗ್ಗ ಬೇಕು. ತೂತಿಗೆ ತಂತಿ ಬೇಕು. ಮೋಟಾರಿಗೆ ನೀರು ಬೇಕು. ಆಚೆ ದಡದ ಮಕ್ಕಳಿಗೆ ಊಟ ಬೇಕು."

"ಕೋಲು ಇದೆ" ಅಂದಳು ಗಿರಿಜಮ್ಮ. "ಬಟ್ಟೆ ಒಣಗಿಸೋ ಹಗ್ಗಕ್ಕೆ ಆನಿಸಿದೀನಿ ನೋಡು. ತೆಗೆದ್ರೆ ಹಗ್ಗ ಜೋಲುತ್ತೆ. ತೊಳೆದ ಸೀರೆಯೆಲ್ಲ ಮಣ್ಣಾಗುತ್ತೆ. ಹಗ್ಗ ಎತ್ತಿ ಹಿಡಿಯೋಕೆ ಉದ್ದನೆಯವರು ಯಾರಾದ್ರೂ ಬೇಕು."

ಗುಲಾಬಕ್ಕ ಕುಳ್ಳಿ. ಗಿರಿಜಮ್ಮ ಇನ್ನೂ ಕುಳ್ಳಿ.

"ಬೇಗ ಗುಲಾಬಿ, ಮಕ್ಕಳು ಹಸಿದಿದಾವೆ" ಅಂದರು ಮಾವ.

ಗುಲಾಬಕ್ಕ ತಿರುಗಿ ಮಾವನನ್ನು ನೋಡಿದಳು. ಗಿರಿಜಮ್ಮನೂ ನೋಡಿದಳು. ಕಾಲಿನಿಂದ ತಲೆಯವರೆಗೆ ನೋಡಿದರು.

"ನಾನಾ?" ಅಂದರು ಮಾವ.

"ಮಕ್ಕಳು ಹಸಿದಿದಾವೆ ಮಾವ" ಅಂದಳು ಗುಲಾಬಕ್ಕ.

ಮಾವ ಎರಡೂ ಕೈ ಎತ್ತಿ ಹಗ್ಗ ಹಿಡಿದರು. ಒಂದು ಒದ್ದೆ ಸೀರೆ ಅವರ ಮೂಗಿನ ಮೇಲೆ ತಟತಟ ತೊಟ್ಟಿಕ್ಕಿತು.

ಮಾವ ಹಗ್ಗ ಹಿಡಿದರು, ಗಿರಿಜಮ್ಮ ಕೋಲು ಕೊಟ್ಟಳು.
ಕೋಲು ಕೊಂಬೆ ಎಳೀತು, ಈರಯ್ಯಜ್ಜ ಎಲೆ ಕೊಟ್ಟ.
ಎಲೆ ಆಡಿಗೆ ಸಿಕ್ಕಿತು, ಮೈಮುನಕ್ಕ ಹಗ್ಗ ಕೊಟ್ಟಳು.
ಹಗ್ಗ ಗೂಡಿಗೆ ಬಿತ್ತು, ಬಸ್ತ್ಯಾಂವಣ್ಣ ತಂತಿ ಕೊಟ್ಟ.

ಅಷ್ಟರಲ್ಲಿ ಮೋಟಾರು ತಣ್ಣಗಾಗಿತ್ತು. ಗುಲಾಬಕ್ಕ ತೂತಿಗೆ ತಂತಿ ತೂರಿಸಿದಳು. ಮೆಲ್ಲಗೆ ತಿರುಗಿಸಿದಳು. ಮರಳು ಉದುರಿತು. ಮೋಟಾರು ಶುರು ಮಾಡಿದಳು. ಬಗ್ಗಿ ತೂತನ್ನೇ ನೋಡಿದಳು.

ಒಂದು ಹನಿ ಬಂತು. ಇನ್ನೊಂದು ಹನಿ ಬಂತು. ಆಮೇಲೆ,

ಸುರ್ರ್ ಸುರ್ರ್ ಸುರ್ರ್.

ದೋಣಿ ಹೊಳೆ ದಾಟಿತು. ಆಚೆ ದಡದಲ್ಲಿ ಮಕ್ಕಳು ಮುಖ ಬಾಡಿಸಿಕೊಂಡು ಕೂತಿದ್ದರು. ದೋಣಿ ನೋಡಿ ಎದ್ದರು. ದೋಣಿ ಹತ್ತಿ, ಈಚೆ ದಡ ನೋಡಿದರು. ಪುಂಡಲೀಕ ಮಾವ ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ.

"ಮಾವ ನಮ್ಮನ್ನ ಕರೀತಿದಾರೆ" ಅಂತ ಮಕ್ಕಳೆಲ್ಲ ಎರಡೂ ಕೈ ಎತ್ತಿ ಬೀಸಿದರು.

ಈಚೆ ದಡದಲ್ಲಿ ಗಿರಿಜಮ್ಮ ಹೇಳಿದಳು: "ಮಾವ, ನೀವು ಬೀಸಬೇಡಿ. ಕೋಲು ಇನ್ನೂ ವಾಪಸ್ ಬಂದಿಲ್ಲ, ಸೀರೆ ಇನ್ನೂ ಒಣಗಿಲ್ಲ."

ಮಾವ ಏನು ಮಾಡ್ತಾರೆ ಪಾಪ? ಮೂಗಿನ ಮೇಲಿನ ನೀರು ಕೊಡವಿ, ಮಕ್ಕಳ ಕಡೆ ತಲೆ ಆಡಿಸಿದರು.